ಕಂಪ್ಯೂಟರ್ ಪೆಟ್ಟಿಗೆಗೂ ಬೇಕು ಜಾಲರಿ ಪರದೆ

ನಮ್ಮ ಕಡೆಯ ಧೂಳಿನ ವಿಷಯ ಮಲೆನಾಡಿನವರಿಗೆ ಹೇಳಿದರೆ ನಂಬುವುದೇ ಕಷ್ಟ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಜಿನ ಮೇಲೆ ಸಂಜೆಯ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದು. ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮ ಚಿಕ್ಕಬಳ್ಳಾಪುರ. ಮಳೆ ಹೋಯಿತೆಂದರೆ ಕೆಂಪು ಮಣ್ಣು ಎದ್ದು ಕೂತಿತೆಂದೇ ಲೆಕ್ಕ. ಅದರ ಮೇಲೆ ಒಂದೊಂದು ಊರಿಗೆ ಒಂದೊಂದು ಬಗೆಯ ಧೂಳು. ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿ, ಜಲ್ಲಿ ಕ್ರಷರುಗಳ ಬಿಳಿ ಪುಡಿ. ಗೌರಿಬಿದನೂರಿನ ಕಡೆ ಮುಸುಕಿನ ಜೋಳ ಬಿಡಿಸುವಾಗ ಹಾರುವ ಹೊಟ್ಟು. ಚಿಂತಾಮಣಿಯಲ್ಲಿ ಕಡಲೆಕಾಯಿ ಸಿಪ್ಪೆ. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆಯಿಂದ ಬರುವ ಸೌದೆ ಹೊಗೆ. ಸುಗ್ಗಿಯಲ್ಲಂತೂ ರಾಗಿ ತೆನೆ, ಹುರುಳಿ ಎಲ್ಲವನ್ನೂ ರಸ್ತೆಯ ಮೇಲೇ ಹರಡಿ ಬಿಡುತ್ತಾರೆ, ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಂಡು ಹೋಗುತ್ತವೆ!

ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಹಾಕುತ್ತೇವೆ, ಕುಡಿಯುವ ನೀರಿಗೆ ಬಟ್ಟೆ ಕಟ್ಟುತ್ತೇವೆ. ಮೇಜಿನ ಕೆಳಗೆ ಕೂತಿರುವ ಆ ಕಪ್ಪು ಪೆಟ್ಟಿಗೆಯನ್ನು ಮಾತ್ರ ಕೇಳುವವರಿಲ್ಲ. 'ಅದು ಗಂಡಸರ ವಿಷಯ, ಮಕ್ಕಳ ವಿಷಯ, ನಮಗೇನು ಗೊತ್ತು?' ಎನ್ನುತ್ತೀರಿ. ಕಂಪ್ಯೂಟರ್ ಅವರ ವಿಷಯವೇ ಇರಲಿ. ಧೂಳು ಯಾರ ವಿಷಯ? ಪೊರಕೆ ಹಿಡಿದವರು ಯಾರು? ಜರಡಿ, ವಂದರಿ, ಸೋಸುವ ಬಟ್ಟೆ, ಇವುಗಳ ಮರ್ಮ ನಮಗೆ ತಿಳಿದಷ್ಟು ಯಾವ ಇಂಜಿನಿಯರಿಗೆ ತಿಳಿದೀತು?

ಈಗ ಲ್ಯಾಪ್‌ಟಾಪು, ಮೊಬೈಲು ಬಂದಿವೆ, ನಿಜ. ಆದರೂ ನಮ್ಮಂಥ ಊರುಗಳಲ್ಲಿ ಅಂಗಡಿಯ ಬಿಲ್ಲಿಗೆ, ಅರ್ಜಿ ತುಂಬಿಸುವ ಕಡೆ, ಟೈಪಿಂಗ್ ಮಾಡುವ ಮನೆಗಳಲ್ಲಿ ಇನ್ನೂ ಮೇಜಿನ ಕಂಪ್ಯೂಟರೇ ನಡೆಯುತ್ತಿದೆ. ಬಹಳ ಮಂದಿ ಕೊಳ್ಳುವುದು ಸೆಕೆಂಡ್ ಹ್ಯಾಂಡ್. ನಮ್ಮ ಮನೆಯದೂ ಅದೇ. ನನ್ನ ಮಗಳು ಡಿಗ್ರಿ ಮುಗಿಸಿ, ಮನೆಯಲ್ಲೇ ಕೂತು ನೂಲು ಬಿಚ್ಚುವವರ ಲೆಕ್ಕ ಬರೆಯುತ್ತಾಳೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾಳೆ. ಬಂದ ದುಡ್ಡು ಬಿ.ಎಡ್. ಫೀಸಿಗೆಂದು ಕೂಡಿಡುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಾಕು, ಯಂತ್ರ ಗುಂಯ್ಯೆಂದು ಕೂಗಿ ತಟ್ಟನೆ ಆರಿಹೋಗುವುದು. ಅರ್ಜಿಯ ಕಡೆಯ ದಿನ, ಜನ ಬಾಗಿಲಲ್ಲಿ ನಿಂತಿದ್ದಾರೆ, ಯಂತ್ರ ಆರಿದೆ! ರಿಪೇರಿಯವನೊಬ್ಬ ಬಂದು ನೋಡಿ, ಪೆಟ್ಟಿಗೆ ಬಿಚ್ಚದೆಯೇ 'ಮದರ್‌ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತೆ' ಎಂದ. ಮನೆಯ ಹಿರಿಯರು 'ಹೋದರೆ ಹೋಗಲಿ ಬಿಡು, ಇನ್ನೆಷ್ಟು ದಿನ ಈ ಕುಟ್ಟೋ ಕೆಲಸ? ಗಂಡು ನೋಡೋಣ' ಎಂದರು. ಆ ಮಾತು ಕೇಳಿ ಹುಡುಗಿಯ ಮುಖ ಎಷ್ಟಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಆವೊತ್ತೇ ಪೆಟ್ಟಿಗೆಯ ಬಾಗಿಲು ಬಿಚ್ಚಿಸಿದೆ. ಒಳಗೆ ಮದರ್‌ಬೋರ್ಡ್ ಎಲ್ಲಿ ಕಾಣಬೇಕು? ಹಳೇ ಹಾಸಿಗೆಯ ಹತ್ತಿಯಂತೆ ಧೂಳು, ಮೂಲೆಯಲ್ಲಿ ಒಣಗಿದ ಹಲ್ಲಿ!

ಒಳಗೆ ಆಗುವುದೇನು?

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್ ಒಂದು ಬಿಸ್ಕತ್ತಿನಷ್ಟೂ ದೊಡ್ಡದಲ್ಲ. ಆದರೆ ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಪೂರ್ತಿ ದುಡಿಯುವಾಗ ೬೫ ವ್ಯಾಟಿನಷ್ಟು ಶಾಖ ಬಿಡುತ್ತದೆ. ಹಿಂದಿನ ಕಾಲದ ೬೦ ವ್ಯಾಟ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದ್ದವರಿಗೆ ಆ ಬಿಸಿ ಗೊತ್ತು. ಆ ಶಾಖ ಹೊರಗೆ ಹೋಗಲೆಂದು ಚಿಪ್ಪಿನ ಮೇಲೆ ಅಲ್ಯೂಮಿನಿಯಮ್ ರೆಕ್ಕೆಗಳ ಒಂದು ದಿಮ್ಮಿ, ಅದರ ಮೇಲೊಂದು ಪುಟ್ಟ ಫ್ಯಾನು ಇಟ್ಟಿರುತ್ತಾರೆ. ರೆಕ್ಕೆಗಳ ಸಂದಿಯಲ್ಲಿ ಧೂಳು ಹೊಲಿದಂತೆ ಕೂತುಬಿಟ್ಟರೆ ಬಿಸಿ ಅಲ್ಲೇ ನಿಲ್ಲುತ್ತದೆ. ಫ್ಯಾನು ಜೋರಾಗಿ ಕೂಗುತ್ತದೆ. ಚಿಪ್ಪು ೯೦-೧೦೦ ಡಿಗ್ರಿಯ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಅದಕ್ಕೂ ಮೀರಿದರೆ ಆರಿಹೋಗುತ್ತದೆ. ಕೆಟ್ಟಿದ್ದರಿಂದಲ್ಲ, ಕೆಡಬಾರದೆಂದು ಆರುವುದು! ಆರು ಸಾವಿರ ಕೊಡುವ ಮುಂಚೆ ಇದೊಂದನ್ನು ನೆನಪಿಡಿ.

ಸರಿ, ಧೂಳು ತೆಗೆದರೆ ಆಯಿತಲ್ಲ? ಆಯಿತು. ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಏಕೆಂದರೆ ಹಳೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಗಾಳಿ ಹೊರಗೆ ತಳ್ಳುವ ಫ್ಯಾನು ಮಾತ್ರ ಇರುತ್ತದೆ, ಒಳಗೆ ತರುವುದು ಇರುವುದಿಲ್ಲ. ಅಡುಗೆಮನೆಯ ಬಾಗಿಲು ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ, ಬಚ್ಚಲ ತೂಬಿನ ವಾಸನೆಯೆಲ್ಲ ಒಳಗೆ ಬರುತ್ತದೆ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕಲ್ಲ. ಹಾಗೆಯೇ ಈ ಪೆಟ್ಟಿಗೆಯೂ ಸಂದಿಗೊಂದಿಗಳಿಂದ, ಸಿ.ಡಿ. ಹಾಕುವ ಬಾಯಿಂದ, ಹಿಂದಿನ ತೆರೆದ ತೂತುಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಸಂದಿಗೆಲ್ಲ ಜಾಲರಿ ಕಟ್ಟಲಾಗುವುದೇ?

ಹುಳುವಿನ ಮನೆಯ ಪಾಠ

ಇದಕ್ಕೆ ಉತ್ತರ ಹೇಳಿದವರು ನಮ್ಮ ಅತ್ತೆಯವರು. ನಲವತ್ತು ವರ್ಷ ರೇಷ್ಮೆ ಹುಳು ಸಾಕಿದ ಕೈ ಅವರದು. ಜಗಲಿಯ ಮೇಲೆ ಕೂತು ನಾವು ಧೂಳು ಕೊಡವುವುದನ್ನು ನೋಡುತ್ತಿದ್ದವರು, "ಹುಳದ ಮನೇಗೆ ಕಟ್ಟೋ ಹಂಗೆ ಇದಕ್ಕೂ ಒಂದು ಪರದೆ ಕಟ್ಟಬಾರದೇನಮ್ಮ? ಆದ್ರೆ ಉಸಿರು ಕಟ್ಟಬಾರದು ನೋಡು" ಎಂದರು.

ರೇಷ್ಮೆ ಸೀಮೆಯ ಆಚೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಜಿ ಅಂತ ಒಂದು ನೊಣ ಇದೆ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಮರಿ ಒಳಗೇ ಕೊರೆದು ತಿಂದು ಹುಳುವನ್ನು ಕೊಲ್ಲುತ್ತದೆ, ಇಲ್ಲವೆ ಕಟ್ಟಿದ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಮೊದಲು ಬಂಗಾಳದ ಕಡೆ ಇದ್ದ ಈ ನೊಣ ಕರ್ನಾಟಕಕ್ಕೆ ಬಂದದ್ದು ೧೯೮೦ರಲ್ಲಿ. ಆಮೇಲೆ ಹುಳು ಸಾಕುವವರೆಲ್ಲ ಕಿಟಕಿ ಬಾಗಿಲುಗಳಿಗೆ ನೈಲಾನ್ ಜಾಲರಿ ಕಟ್ಟುವುದನ್ನು ಕಲಿತರು. ಆದರೆ ಜಾಲರಿ ಕಟ್ಟಿದರೆ ಗಾಳಿ ಕಡಿಮೆಯಾಗುತ್ತದೆ. ನಾಲ್ಕನೇ ಜ್ವರ ಎದ್ದ ಹುಳು ಹಸಿದ ಹುಡುಗರ ಹಾಗೆ ಸೊಪ್ಪು ತಿನ್ನುತ್ತದೆ. ಹುಟ್ಟಿದಂದಿನಿಂದ ತಿನ್ನುವುದರಲ್ಲಿ ಮುಕ್ಕಾಲಿಗೂ ಹೆಚ್ಚು ಆ ಕಡೆಯ ದಿನಗಳಲ್ಲೇ. ಹಿಕ್ಕೆಯ ಬಿಸಿ, ಹಸಿ ಸೊಪ್ಪಿನ ತೇವ ಹೊರಗೆ ಹೋಗದಿದ್ದರೆ ಸಪ್ಪೆ ರೋಗ ಬಂದು ಬೆಳೆಯೇ ಹೋದೀತು. ಅದಕ್ಕೆ ತಿಳಿದವರು ಏನು ಮಾಡುತ್ತಾರೆ? ಕಿಟಕಿಯನ್ನೇ ದೊಡ್ಡದು ಮಾಡುತ್ತಾರೆ, ಎದುರುಬದುರು ಇಡುತ್ತಾರೆ, ಜಾಲರಿಯನ್ನು ಕೊಡವುತ್ತಿರುತ್ತಾರೆ, ಉಳಿದ ಸಂದಿಗಳನ್ನು ಮುಚ್ಚುತ್ತಾರೆ.

ಕಂಪ್ಯೂಟರಿಗೂ ಇದೇ ಮಾತು. ಬರುವ ದಾರಿ ಒಂದು, ಅಗಲವಾಗಿ, ಜಾಲರಿ ಹಾಕಿ. ಹೋಗುವ ದಾರಿ ಒಂದು, ತೆರೆದು. ಬರುವ ಗಾಳಿ ಹೋಗುವ ಗಾಳಿಗಿಂತ ಒಂದು ಗುಟುಕು ಹೆಚ್ಚಿರಬೇಕು. ಹಾಗಿದ್ದರೆ ಒಳಗಿನ ಗಾಳಿಯೇ ಸಂದಿಗಳಿಂದ ಹೊರಕ್ಕೆ ನುಗ್ಗುತ್ತದೆ, ಧೂಳಿಗೆ ಸಂದಿಯಲ್ಲಿ ನುಸುಳಲು ಎಡೆಯೇ ಇರುವುದಿಲ್ಲ.

ಕೈ ಹಾಕುವ ಮುಂಚೆ

ಮೊದಲು ಕಂಪ್ಯೂಟರನ್ನು ಕ್ರಮವಾಗಿ ಆರಿಸಿ, ಪ್ಲಗ್ಗನ್ನೇ ಗೋಡೆಯಿಂದ ಕೀಳಿ. ಆಮೇಲೆ ಆನ್ ಮಾಡುವ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ಆ ದಿನ ಸಿಂಥೆಟಿಕ್ ಸೀರೆ, ನೈಲಾನ್ ನೈಟಿ ಬೇಡ, ಹತ್ತಿ ಬಟ್ಟೆ ಉಡಿ. ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆ ಮೈಗೆ ಉಜ್ಜಿ ಚಟಪಟ ಎನ್ನುವುದಿಲ್ಲವೆ? ಅಷ್ಟು ಕಿಡಿ ಸಾಕು ಚಿಪ್ಪು ಹಾಳಾಗಲು. ಒಳಗೆ ಕೈ ಇಡುವ ಮುಂಚೆ ಪೆಟ್ಟಿಗೆಯ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ.

ಮುಂದಿನಿಂದ ನೋಡಿದರೆ ಸಾಮಾನ್ಯವಾಗಿ ಎಡಗಡೆಯದೇ ಬಾಗಿಲು. ಹಿಂದೆ ಎರಡು ತಿರುಪು ಬಿಚ್ಚಿ ಹಿಂದಕ್ಕೆ ಎಳೆದರೆ ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ಯಿರಿ. ಹೊಸದೊಂದು ಮೆತ್ತನೆ ಪೇಂಟ್ ಬ್ರಷ್ಷಿನಲ್ಲಿ ಧೂಳು ಸಡಿಲಿಸಿ, ಕೈಯ ಬ್ಲೋಯರ್ ಇದ್ದರೆ ದೂರದಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಬೇಕು, ಬುಗುರಿಯಂತೆ ತಿರುಗಲು ಬಿಡಬಾರದು. ಪಂಕ್ಚರ್ ಅಂಗಡಿಯ ಗಾಳಿ ಹಾಕಿಸಲು ಹೋಗುವವರಿದ್ದಾರೆ. ಅದು ಬೇಡವೇ ಬೇಡ, ಆ ಗಾಳಿಯಲ್ಲಿ ನೀರೂ ಎಣ್ಣೆಯೂ ಸೇರಿರುತ್ತದೆ, ರಭಸವೂ ಹೆಚ್ಚು. ಒದ್ದೆ ಬಟ್ಟೆಯೂ ಬೇಡ. ವಯರುಗಳ ಗೊಂಚಲು ಹೊರಡುವ ಕಬ್ಬಿಣದ ಡಬ್ಬಿ ಇದೆಯಲ್ಲ, ಪವರ್ ಸಪ್ಲೈ, ಅದನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಬಹಳ ಹೊತ್ತು ಕೂತಿರುತ್ತದೆ. ಹೊರಗಿನಿಂದಲೇ ಬ್ರಷ್ಷಾಡಿಸಿದರೆ ಸಾಕು.

ಕಿಟಕಿ ಮತ್ತು ಪರದೆ

ಈಗ ಪೆಟ್ಟಿಗೆಯ ಮುಖ ನೋಡಿ. ಹಳೆಯ ಪೆಟ್ಟಿಗೆಗಳ ಮುಂದೆ ಇಡೀ ಪ್ಲಾಸ್ಟಿಕ್ ಮುಖವಾಡ, ಕೆಳಗೆಲ್ಲೋ ಬಾಚಣಿಗೆ ಹಲ್ಲಿನಂಥ ನಾಲ್ಕು ಸೀಳು. ಅದರ ಹಿಂದೆ ಫ್ಯಾನು ಕೂಡಿಸಲು ಜಾಗ ಬಿಟ್ಟಿರುತ್ತಾರೆ, ಫ್ಯಾನು ಮಾತ್ರ ಇರುವುದಿಲ್ಲ. ಉಳಿತಾಯ! ಆ ಜಾಗದ ತಿರುಪಿನ ತೂತುಗಳ ಅಳತೆ ತೆಗೆದುಕೊಂಡು ಹೋಗಿ ಫ್ಯಾನು ತನ್ನಿ. ೧೨೦ ಮಿಲಿಮೀಟರಿನದು ಹಿಡಿಸಿದರೆ ಒಳ್ಳೆಯದು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ತರುತ್ತದೆ, ಸದ್ದೂ ಕಡಿಮೆ. ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದೆ. ಮೋಟರನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಆದ್ದರಿಂದ ಮುಂದಿನ ಫ್ಯಾನಿನ ಕಡ್ಡಿಗಳು ಪೆಟ್ಟಿಗೆಯ ಒಳಮುಖವಾಗಿರಲಿ. ವಯರನ್ನು ಬೋರ್ಡಿನ ಮೇಲೆ ಸಿಸ್ ಫ್ಯಾನ್ ಎಂದು ಬರೆದ ಕಡೆ ಸಿಕ್ಕಿಸಬೇಕು. ಇಷ್ಟನ್ನು ಮನೆಯ ಹುಡುಗರು ಮಾಡಿಯಾರು.

ಪ್ಲಾಸ್ಟಿಕ್ ಮುಖವಾಡ ಒಳಗಿನ ಗುಬುಟುಗಳನ್ನು ಒತ್ತಿದರೆ ಕಳಚಿ ಬರುತ್ತದೆ. ಎಳೆದು ಕೀಳಬೇಡಿ, ಗುಂಡಿಯ ವಯರು ಅದಕ್ಕೇ ಅಂಟಿಕೊಂಡಿದ್ದೀತು. ಫ್ಯಾನಿನ ನೇರಕ್ಕೆ ಅದರಲ್ಲೊಂದು ಕಿಟಕಿ ಕೊರೆಯಬೇಕು. ಗರಗಸದ ಬ್ಲೇಡು ಸಾಕು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ. ಕೆಲವರು ಹಿಂದಿನ ಕಬ್ಬಿಣದ ತಗಡಿನ ತೂತುಗಳನ್ನೂ ಕತ್ತರಿಸಿ ಒಂದೇ ದೊಡ್ಡ ರಂಧ್ರ ಮಾಡಿಸುತ್ತಾರೆ. ತೂತು ಸಾಸಿವೆ ಕಾಳಿನಷ್ಟು ಸಣ್ಣವಿದ್ದರೆ ಅದು ಸರಿಯೇ, ಗಾಳಿ ಚೆನ್ನಾಗಿ ಬರುತ್ತದೆ. ಆದರೆ ಆಗ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ ಬರಿ ಪೆಟ್ಟಿಗೆಯನ್ನು ಬೀರು ಮಾಡುವವರ ಹತ್ತಿರ ಒಯ್ಯಬೇಕು. ಕಬ್ಬಿಣದ ಒಂದು ಪುಡಿ ಬೋರ್ಡಿನ ಮೇಲೆ ಉಳಿದರೂ ಶಾರ್ಟ್ ಆಗುತ್ತದೆ. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕಿಟಕಿಯಷ್ಟೇ ಸಾಕಾಯಿತು.

ಇನ್ನು ಪರದೆ. ಇಲ್ಲಿ ನಮ್ಮ ಕೈಚಳಕ. ಕಸೂತಿ ಹಾಕುವ ಮರದ ರಿಂಗು ನಿಮ್ಮ ಟ್ರಂಕಿನಲ್ಲಿ ಎಲ್ಲೋ ಬಿದ್ದಿರಬೇಕು ನೋಡಿ. ಏಳು ಇಂಚಿನದಾದರೆ ಬಹಳ ಒಳ್ಳೆಯದು, ಪೆಟ್ಟಿಗೆಯ ಅಗಲ ಅಳೆದು ನೋಡಿ. ೧೨೦ ಮಿಲಿಮೀಟರ್ ಫ್ಯಾನಿನ ಬಾಯಿ ಹದಿನೇಳೂವರೆ ಚದರ ಇಂಚು, ಏಳಿಂಚಿನ ರಿಂಗು ಮೂವತ್ತೆಂಟೂವರೆ. ಎರಡು ಪಟ್ಟಿಗೂ ಹೆಚ್ಚು. ಫ್ಯಾನಿನ ಬಾಯಿಗೇ ಜಾಲರಿ ಬಿಗಿದರೆ ಗಾಳಿ ತಿಣುಕುತ್ತದೆ. ಜಾಲರಿ ಅಗಲವಾದಷ್ಟೂ ಒಂದೊಂದು ಕಣ್ಣಿನ ಮೇಲೆ ಬೀಳುವ ಭಾರ ಕಡಿಮೆ. ಫ್ಯಾನಿಗೂ ಜಾಲರಿಗೂ ನಡುವೆ ಒಂದೆರಡು ಇಂಚು ಅಂತರವಿರಲಿ, ಆಗ ಇಡೀ ಜಾಲರಿ ಕೆಲಸ ಮಾಡುತ್ತದೆ. ಅಂಟಿಸಿಬಿಟ್ಟರೆ ನಡುಭಾಗ ಮಾತ್ರ ಕಪ್ಪಾಗಿ ಸುತ್ತಲೂ ಹೊಸದಾಗೇ ಉಳಿಯುತ್ತದೆ.

ಬಟ್ಟೆ ಯಾವುದು? ಊಜಿ ಜಾಲರಿ ರೇಷ್ಮೆ ಸಾಮಾನಿನ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಅದು ಕೂದಲು, ಹೊಟ್ಟು, ನೂಲಿನ ಎಳೆ, ಹಲ್ಲಿ, ಜಿರಳೆ ಎಲ್ಲವನ್ನೂ ತಡೆಯುತ್ತದೆ, ನಯವಾದ ಮಣ್ಣಿನ ಪುಡಿಯನ್ನು ಪೂರ್ತಿ ತಡೆಯುವುದಿಲ್ಲ. ಹತ್ತಿ ಬಟ್ಟೆ ಎಲ್ಲವನ್ನೂ ತಡೆಯುತ್ತದೆ, ಗಾಳಿಯನ್ನೂ ಸೇರಿಸಿ! ಹಳೆಯ ನೈಲಾನ್ ಕಾಲುಚೀಲ ಒಂದೇ ಪದರವಾಗಿ ಹಿಗ್ಗಿಸಿ ರಿಂಗಿಗೆ ಹಾಕಿದರೆ ನಡುವಿನ ದಾರಿ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ತೆಳ್ಳನೆಯ ನೆಟ್ ದುಪಟ್ಟಾ ಬಟ್ಟೆ ಎಲ್ಲಕ್ಕಿಂತ ವಾಸಿ. ಪರೀಕ್ಷೆಯೂ ಸುಲಭ. ಬಟ್ಟೆ ಬಿಗಿದ ರಿಂಗನ್ನು ತುಟಿಯ ಹತ್ತಿರ ಹಿಡಿದು ಒಂದು ಗೇಣು ದೂರದ ದೀಪವನ್ನು ಮೆಲ್ಲಗೆ ಊದಿ. ಜ್ವಾಲೆ ಚೆನ್ನಾಗಿ ಓಲಾಡಿದರೆ ಆ ಬಟ್ಟೆ ಆಗುತ್ತದೆ, ಅಲುಗದಿದ್ದರೆ ಬೇಡ. (ದೇವರ ದೀಪ ಊದಬೇಡಿ, ಮೇಣದ ಬತ್ತಿ ಹಚ್ಚಿಕೊಳ್ಳಿ.)

ರಿಂಗನ್ನು ಕಿಟಕಿಯ ಮೇಲೆ ಕೂಡಿಸಲು ದರ್ಜಿ ಅಂಗಡಿಯ ವೆಲ್ಕ್ರೋ ಪಟ್ಟಿ ಬಳಸಿದರೆ ಬೇಕಾದಾಗ ಕಿತ್ತು ತೊಳೆಯಬಹುದು. ರಿಂಗಿನ ಸುತ್ತ ಸಂದಿ ಉಳಿದರೆ ಕಿಟಕಿಗೆ ಅಂಟಿಸುವ ಸ್ಪಂಜಿನ ಪಟ್ಟಿ ಒತ್ತಿ. ಹಿಂಭಾಗದಲ್ಲಿ ಬಳಸದ ಉದ್ದನೆಯ ತೂತುಗಳಿದ್ದರೆ ಟೇಪಿನಿಂದ ಮುಚ್ಚಿ. ಗಾಳಿ ಹೊರಹೋಗುವ ಹಿಂದಿನ ಫ್ಯಾನಿಗೂ ಪವರ್ ಸಪ್ಲೈಯ ಬಾಯಿಗೂ ಮಾತ್ರ ಏನೂ ಕಟ್ಟಬಾರದು. ಹೊಸ ಬಗೆಯ ಕೆಲವು ಪೆಟ್ಟಿಗೆಗಳಲ್ಲಿ ಪವರ್ ಸಪ್ಲೈ ತಳದಲ್ಲಿದ್ದು ಕೆಳಗಿನಿಂದ ಗಾಳಿ ಎಳೆಯುತ್ತದೆ, ಅಂಥದಕ್ಕೆ ತಳದಲ್ಲೂ ಒಂದು ಜಾಲರಿ ಬೇಕು.

ಕೆಲಸ ಆದ ಮೇಲೆ ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಒಂದು ಗೇಣು ದೂರದಲ್ಲಿ ಹಿಡಿದು ನೋಡಿ. ಮುಂದೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು, ಹಿಂದೆ ಹೊರಕ್ಕೆ ಚದುರಬೇಕು. ಪಕ್ಕದ ಸಂದಿಯಲ್ಲಿ ಒಳಕ್ಕೆ ಹೋಗುತ್ತಿದ್ದರೆ ಬರುವ ಗಾಳಿ ಇನ್ನೂ ಸಾಲದು ಎಂದರ್ಥ. ಇನ್ನೊಂದು ಫ್ಯಾನು ಮುಂದಕ್ಕೆ ಹಾಕಿ, ಇಲ್ಲವೆ ಹಿಂದಿನದರ ವೇಗ ತಗ್ಗಿಸಿ.

ಬಿಸಿಯನ್ನೂ ಅಳೆಯಬೇಕು. ಯಂತ್ರ ಶುರುವಾಗುವಾಗ ಡೆಲ್ ಅಥವಾ ಎಫ್ ೨ ಗುಂಡಿ ಒತ್ತಿದರೆ ಬರುವ ಪುಟದಲ್ಲಿ ಬಹುತೇಕ ಕಂಪ್ಯೂಟರುಗಳು ಚಿಪ್ಪಿನ ಶಾಖ ತೋರಿಸುತ್ತವೆ. ಧೂಳು ತೆಗೆದ ಮೇಲೆ ಒಮ್ಮೆ, ಪರದೆ ಕಟ್ಟಿದ ಮೇಲೆ ಒಮ್ಮೆ, ಅದೇ ಹೊತ್ತಿನಲ್ಲಿ ನೋಡಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಪರದೆಯಿಂದ ಎರಡು ಮೂರು ಡಿಗ್ರಿ ಏರುವುದು ಸಹಜ, ಅದಕ್ಕೆ ಹೆದರಬೇಡಿ. ನಮ್ಮದರಲ್ಲಿ ಮೂರು ಏರಿತು. ಹತ್ತು ಏರಿದರೆ ಬಟ್ಟೆ ಬದಲಿಸಿ. ಕೋಣೆಯಲ್ಲೇ ೩೫ ಡಿಗ್ರಿ ಇರುವ ಏಪ್ರಿಲಿನಲ್ಲಿ ಪೆಟ್ಟಿಗೆಯೊಳಗೆ ಅದಕ್ಕಿಂತ ತಂಪು ಬರಲಾರದು, ಎಷ್ಟು ಫ್ಯಾನು ಹಾಕಿದರೂ ಅಷ್ಟೇ.

ಇಡುವ ಜಾಗ

ನನ್ನ ನಾದಿನಿ ಚಿಂತಾಮಣಿಯಲ್ಲಿದ್ದಾಳೆ, ಅಂಗಡಿಯ ಕಂಪ್ಯೂಟರು. ನಾನು ಹೇಳಿದಂತೆ ಎಲ್ಲ ಮಾಡಿಸಿ, "ಅತ್ತಿಗೆ, ಮೂರೇ ದಿನಕ್ಕೆ ಪರದೆ ಕಂಬಳಿ ಆಗೋಯ್ತಲ್ಲ" ಅಂತ ಫೋನು ಮಾಡಿದಳು. ವಿಚಾರಿಸಿದರೆ ಪೆಟ್ಟಿಗೆ ನೆಲದ ಮೇಲೆ, ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲೇ, ಬಂದವರ ಕಾಲ ಧೂಳು, ಪೊರಕೆಯ ಧೂಳು ಎಲ್ಲ ನೇರ ಅದರ ಬಾಯಿಗೆ. ಒಂದೂವರೆ ಅಡಿ ಎತ್ತರದ ಸ್ಟೂಲಿನ ಮೇಲೆ ಇಡಿಸಿದೆ. ಈಗ ಹತ್ತು ಹನ್ನೆರಡು ದಿನ ತಡೆಯುತ್ತದಂತೆ. ಗೋಡೆಗೂ ಪೆಟ್ಟಿಗೆಯ ಬೆನ್ನಿಗೂ ಅರ್ಧ ಅಡಿ ಬಿಡಿ. ಮೇಜಿನ ಬಾಗಿಲಿರುವ ಗೂಡಿನೊಳಗೆ ಇಟ್ಟು ಮುಚ್ಚಿದರೆ ಬಿಟ್ಟ ಬಿಸಿಯನ್ನೇ ಮತ್ತೆ ಕುಡಿಯುತ್ತದೆ. ಅಡುಗೆಮನೆಯ ಗೋಡೆಯ ಪಕ್ಕವೂ ಬೇಡ, ಒಗ್ಗರಣೆಯ ಜಿಡ್ಡು ಧೂಳಿಗೆ ಸೇರಿದರೆ ಅಂಟಿನಂತೆ ಹಿಡಿಯುತ್ತದೆ, ಬ್ರಷ್ಷಿಗೂ ಬರುವುದಿಲ್ಲ.

ಸೆಕೆ ಎಂದು ಪೆಟ್ಟಿಗೆಯ ಪಕ್ಕದ ಬಾಗಿಲನ್ನೇ ತೆಗೆದಿಟ್ಟು ಎದುರಿಗೆ ಟೇಬಲ್ ಫ್ಯಾನ್ ಹಾಕುವವರನ್ನು ನಾನೇ ನೋಡಿದ್ದೇನೆ. ಆ ಹೊತ್ತಿಗೆ ತಣ್ಣಗಾದೀತು. ಆದರೆ ಊರ ಧೂಳನ್ನೆಲ್ಲ ಕರೆದು ಮಣೆ ಹಾಕಿದಂತೆ. ಇನ್ನು ನಮ್ಮ ಹೆಣ್ಣುಮಕ್ಕಳು ಹೂವಿನ ಕಸೂತಿ ಹಾಕಿ ಮಾಡುವ ಅಂದವಾದ ಹೊದಿಕೆಗಳು! ಯಂತ್ರ ಆರಿಸಿ ಅರ್ಧ ಗಂಟೆಯಾದ ಮೇಲೆ ಹೊದಿಸಿ, ಚೆನ್ನಾಗಿರುತ್ತದೆ. ನಡೆಯುತ್ತಿರುವಾಗ ಹೊದಿಸುವುದು ಏಪ್ರಿಲಿನಲ್ಲಿ ಮಗುವಿಗೆ ಕಂಬಳಿ ಹೊದಿಸಿದಂತೆ.

ಪರದೆಯನ್ನು ಹದಿನೈದು ದಿನಕ್ಕೊಮ್ಮೆ, ಅಂದರೆ ಈ ಪತ್ರಿಕೆ ಮನೆಗೆ ಬಂದ ದಿನ ಎಂದಿಟ್ಟುಕೊಳ್ಳಿ, ನಲ್ಲಿಯ ಕೆಳಗೆ ಹಿಮ್ಮುಖವಾಗಿ ಹಿಡಿದು ತೊಳೆಯಿರಿ. ಸುಗ್ಗಿಯ ತಿಂಗಳುಗಳಲ್ಲಿ, ಇಲ್ಲವೆ ಮನೆ ಮುಂದೆ ರಸ್ತೆ ಕೆಲಸ ನಡೆಯುತ್ತಿದ್ದರೆ ವಾರಕ್ಕೊಮ್ಮೆ. ಒಣಗುವವರೆಗೆ ಕಾಯಬೇಕಾಗದಂತೆ ಎರಡು ರಿಂಗು ಮಾಡಿಟ್ಟುಕೊಳ್ಳಿ, ಒಂದು ತೊಳೆದರೆ ಇನ್ನೊಂದು ಹಾಕಬಹುದು. ಹಸಿ ಪರದೆ ಮಾತ್ರ ಹಾಕಬೇಡಿ. ನನ್ನ ಮಗಳು ಎರಡನೆಯ ರಿಂಗಿನ ಅಂಚಿಗೆ ಹಸಿರು ದಾರ ಸುತ್ತಿದ್ದಾಳೆ, ಯಾವುದು ತೊಳೆದದ್ದು ಎಂದು ಗೊತ್ತಾಗಲಿ ಎಂದು. ಈ ಬೇಸಿಗೆಯ ಅರ್ಜಿಗಳೆಲ್ಲ ಆ ಯಂತ್ರದಲ್ಲೇ ಹೋದವು. ಮೂರು ಡಿಗ್ರಿಯ ಲೆಕ್ಕ ಹಾಲಿನ ಪುಸ್ತಕದಲ್ಲಿದೆ, ಬಿ.ಎಡ್. ಫೀಸಿನ ಲೆಕ್ಕ ಅದರ ಕಡೆಯ ಹಾಳೆಯಲ್ಲಿ.